ಕತ್ತರಿ ಬಿದ್ದಲ್ಲಿ ಮಲ್ಲಿಗೆ

ಬೆಳಗಿನ ಐದೂವರೆ. ಕಟಪಾಡಿಯಿಂದ ಶಿರ್ವದ ಕಡೆಗೆ ಹೋಗುವ ರಸ್ತೆಯಲ್ಲಿ ಮೊದಲ ಬಸ್ಸಿನ ಸದ್ದು ಇನ್ನೂ ಇಲ್ಲ. ಶಂಕರಪುರದ ಈ ಮನೆಯ ಹಿತ್ತಿಲಲ್ಲಿ ಮಾತ್ರ ಎರಡು ಬೆಳಕು ಓಡಾಡುತ್ತಿವೆ. ಒಂದು ಹಿತ್ತಿಲಿನ ಮಲ್ಲಿಗೆ ನೋಡಿಕೊಳ್ಳುವ ಅಕ್ಕನ ಹಣೆಗೆ ಕಟ್ಟಿದ ದೀಪ, ಇನ್ನೊಂದು ಅವರ ಮಗ ಹಿಡಿದ ಮೊಬೈಲಿನದು. ಫೆಬ್ರುವರಿಯ ಇಬ್ಬನಿಗೆ ಎಲೆಗಳೆಲ್ಲ ಒದ್ದೆ. ಎರಡು ಹೆಜ್ಜೆ ಇಟ್ಟರೆ ಸಾಕು, ಸೀರೆಯ ನೆರಿಗೆ, ಪ್ಯಾಂಟಿನ ಅಂಚು ತೊಯ್ದು ಕಾಲಿಗೆ ಅಂಟುತ್ತದೆ. ಪರಿಮಳ ಎಲ್ಲಿಯೂ ಇಲ್ಲ. ಮಲ್ಲಿಗೆ ತೋಟಕ್ಕೆ ಮೊದಲ ಸಲ ಬಂದವರಿಗೆ ಇದೊಂದು ಅಚ್ಚರಿ. ಇಲ್ಲಿ ಕೊಯ್ಯುವುದು ಹೂವನ್ನಲ್ಲ, ಸಂಜೆ ಅರಳಬೇಕಾದ ಮೊಗ್ಗನ್ನು. ಘಮ ಹೊರಡುವುದು ಅರಳಿದ ಮೇಲೆ. ಆ ಹೊತ್ತಿಗೆ ಈ ಮೊಗ್ಗು ಮಂಗಳೂರಿನ ಯಾವುದೋ ಮದುಮಗಳ ಜಡೆಯಲ್ಲೋ, ಮುಂಬೈಗೆ ಹೊರಟ ಪೊಟ್ಟಣದಲ್ಲೋ ಇರುತ್ತದೆ.

ಅಕ್ಕನ ಬೆರಳು ನೋಡಬೇಕು. ಎಡಗೈ ಕೊಂಬೆಯನ್ನು ಸ್ವಲ್ಪ ಬಾಗಿಸಿ ಹಿಡಿಯುತ್ತದೆ, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಮೊಗ್ಗಿನ ಬುಡಕ್ಕೆ ಹೋಗಿ ಚಿಟ್ ಎಂದು ಬಿಡಿಸುತ್ತವೆ. ಕೈ ತುಂಬಿದಾಗ ಸೊಂಟಕ್ಕೆ ಕಟ್ಟಿದ ಬಟ್ಟೆಯ ಚೀಲಕ್ಕೆ.

"ಬಿಳಿ ಇದ್ದದ್ದೆಲ್ಲ ಕೊಯ್ಲಿಕ್ಕಿಲ್ಲ ಮಾರಾಯ್ರೆ. ಇದು ನೋಡಿ, ಇವತ್ತಿನದ್ದು. ಇದು ನಾಳೆದ್ದು. ಇದಕ್ಕೆ ಇನ್ನು ಮೂರ್ನಾಲ್ಕು ದಿವಸ ಉಂಟು."

ದೀಪದ ಬೆಳಕನ್ನು ಒಂದೇ ಕುಡಿಯ ಮೇಲೆ ನಿಲ್ಲಿಸುತ್ತಾರೆ. ಕುಡಿಯ ತುದಿಯಲ್ಲಿ ಮೂರು ಮೊಗ್ಗು. ನಡುವಿನದು ತುಂಬಿಕೊಂಡು ಹಾಲಿನ ಬಣ್ಣಕ್ಕೆ ಬಂದಿದೆ, ಅದರ ಕೊಳವೆ ಉದ್ದವಾಗಿದೆ. ಅಕ್ಕಪಕ್ಕದ ಎರಡರಲ್ಲಿ ಇನ್ನೂ ಹಸಿರಿನ ಛಾಯೆ. ಇವತ್ತಿನದನ್ನು ನಾಳೆಗೆ ಬಿಟ್ಟರೆ ರಾತ್ರಿ ಗಿಡದಲ್ಲೇ ಅರಳಿ ಬೆಲೆ ಹೋಯಿತು. ನಾಳೆಯದನ್ನು ಇವತ್ತು ಕೊಯ್ದರೆ ಅದು ಅರಳುವುದೇ ಇಲ್ಲ. ಈ ವ್ಯತ್ಯಾಸವನ್ನು ಮಬ್ಬುಗತ್ತಲಲ್ಲಿ, ನಡೆದುಕೊಂಡೇ, ಸಾವಿರಾರು ಮೊಗ್ಗುಗಳಲ್ಲಿ ಗುರುತಿಸುವುದು ಅವರ ದಿನದ ಮೊದಲ ಕೆಲಸ.

ಉಡುಪಿ ಮಲ್ಲಿಗೆ ಎಂದರೂ ಶಂಕರಪುರ ಮಲ್ಲಿಗೆ ಎಂದರೂ ಇದೇ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಯ ಜೊತೆ ಇದಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಆದರೆ ಈ ಹೂವನ್ನು ನಿಜವಾಗಿ ಬೆಳೆಸಿದ್ದು ದೊಡ್ಡ ತೋಟಗಳಲ್ಲ, ಹಿತ್ತಿಲುಗಳು. ಬಾವಿಕಟ್ಟೆಯ ಪಕ್ಕ ಇಷ್ಟು, ದನದ ಹಟ್ಟಿಯ ಹಿಂದೆ ಇಷ್ಟು. ಈ ಮನೆಯಲ್ಲಿಯೂ ಹಾಗೆಯೇ, ಮೂರು ಸಾಲು ಗಿಡ, ಅಷ್ಟೆ. ಮಕ್ಕಳ ಶಾಲೆಯ ಫೀಸು, ಸೊಸೈಟಿಯ ಸಾಲದ ಕಂತು ಈ ಮೂರು ಸಾಲಿನಿಂದ ಹೋಗಿದೆ. ಹೂವಿನ ಲೆಕ್ಕ ಇಲ್ಲಿ ಮೊಳದಲ್ಲಿ ಇಲ್ಲ, ಕಿಲೋದಲ್ಲಿಯೂ ಇಲ್ಲ. ಹೆಚ್ಚುಕಡಿಮೆ 800 ಮೊಗ್ಗು ಕಟ್ಟಿದರೆ ಒಂದು ಚೆಂಡು, 4 ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3,200ರಷ್ಟು ಮೊಗ್ಗು. ಗಿಡವೊಂದು ಹತ್ತು ಮೊಗ್ಗು ಹೆಚ್ಚು ಕೊಟ್ಟರೂ ಅದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಗಿಡದಿಂದ ಹೆಚ್ಚು ಹೂವು ಪಡೆಯುವುದು ಹೇಗೆ ಎಂದು ಕಲಿಯಬೇಕಾದವರು ಬರಬೇಕಾದದ್ದು ಇಂಥ ಹಿತ್ತಿಲಿಗೆ.

ಬೆಳಕು ಹರಿಯುತ್ತಿದ್ದಂತೆ ಮೂರು ಸಾಲುಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಬಾವಿಯ ಹತ್ತಿರದ ಸಾಲು ಸೊಂಟದೆತ್ತರ, ದುಂಡಗೆ, ತುದಿತುದಿಗೆ ಮೊಗ್ಗು. ನಡುವಿನ ಸಾಲು ಮೊಣಕಾಲಿನಷ್ಟೇ ಎತ್ತರ, ಕೆಂಪು ಮಿಶ್ರಿತ ಎಳೆಹಸಿರಿನ ಚಿಗುರು. ಕಾಂಪೌಂಡಿನ ಬದಿಯ ಸಾಲು ಎದೆಯೆತ್ತರಕ್ಕೆ ಅಡ್ಡಾದಿಡ್ಡಿ ಬೆಳೆದು ನಿಂತಿದೆ, ಎಲೆ ಕಡುಹಸಿರು, ಹೂವು ಅಲ್ಲೊಂದು ಇಲ್ಲೊಂದು. ಮೂರರ ಬುಡಕ್ಕೂ ಬಿದ್ದದ್ದು ಒಂದೇ ಗೊಬ್ಬರ, ಒಂದೇ ಬಾವಿಯ ನೀರು. ಕತ್ತರಿ ಬಿದ್ದ ದಿನ ಮಾತ್ರ ಬೇರೆ. ಮೊದಲನೆಯದಕ್ಕೆ ನವೆಂಬರ್ ಕೊನೆಯಲ್ಲಿ, ಎರಡನೆಯದಕ್ಕೆ ಜನವರಿಯಲ್ಲಿ ಬಿದ್ದಿದೆ. ಮೂರನೆಯದಕ್ಕೆ ಇವತ್ತು.

"ಎಲ್ಲ ಒಟ್ಟಿಗೆ ಕತ್ತರಿಸಿದ್ರೆ ಒಟ್ಟಿಗೆ ಹೂ. ಒಟ್ಟಿಗೆ ಬಂದ್ರೆ ಕೊಯ್ಲಿಕ್ಕೆ ಜನ ಎಲ್ಲಿ ಉಂಟು? ಊರಲ್ಲೆಲ್ಲ ಹೂ ಇರುವಾಗ ರೇಟೂ ಇಲ್ಲ" ಎನ್ನುತ್ತಾರೆ ಅಕ್ಕ.

ಏಳೂವರೆಗೆ ಕೊಯ್ಲು ಮುಗಿಯುತ್ತದೆ. ಜಗಲಿಯಲ್ಲಿ ಅತ್ತೆಯವರು ಆಗಲೇ ಕೂತಿದ್ದಾರೆ, ಮುಂದೆ ನೀರಿನಲ್ಲಿ ನೆನೆದ ಬಾಳೆನಾರು. ಬುಟ್ಟಿ ಮುಂದಿಟ್ಟ ಕೂಡಲೇ ಅವರ ಕೈ ಓಡತೊಡಗುತ್ತದೆ. ಎರಡು ಮೊಗ್ಗು ಆ ಕಡೆ, ಎರಡು ಈ ಕಡೆ, ಒಂದು ಸುತ್ತು, ಒಂದು ಎಳೆತ. ಕಟ್ಟುವಾಗಲೇ ಒಂದೊಂದು ಮೊಗ್ಗನ್ನು ತೆಗೆದು ಬದಿಯ ತಟ್ಟೆಗೆ ಹಾಕುತ್ತಾರೆ. ಕೈಗೆತ್ತಿಕೊಂಡು ನೋಡಿದರೆ ಆ ಮೊಗ್ಗುಗಳು ನಸುನೇರಳೆಗೆ ತಿರುಗಿವೆ. ಉಗುರಿನಿಂದ ಸೀಳಿದರೆ ಬುಡದಲ್ಲಿ ಅಕ್ಕಿಯ ನುಚ್ಚಿಗಿಂತ ಸಣ್ಣ ಹುಳ ಮಿಸುಕುತ್ತದೆ. ಮೊಗ್ಗಿನ ನೊಣದ ಮರಿ ಅದು. ಬೆಳೆದ ಮರಿ ಮಣ್ಣಿಗೆ ಬಿದ್ದು ಅಲ್ಲಿಯೇ ಕೋಶವಾಗಿ ಮತ್ತೆ ನೊಣವಾಗಿ ಏಳುತ್ತದೆ. ಆದ್ದರಿಂದ ಬಣ್ಣ ಕೆಟ್ಟ ಮೊಗ್ಗನ್ನು ಗಿಡದ ಬುಡದಲ್ಲಿ ಬಿಸಾಡುವಂತಿಲ್ಲ. ಆ ತಟ್ಟೆ ನೇರವಾಗಿ ಬಚ್ಚಲ ಒಲೆಗೆ. ಆಗಾಗ ಬುಡದ ಮಣ್ಣು ಕೆದಕಿ ಬಿಸಿಲಿಗೆ ತೆರೆದಿಡುವುದೂ ಇದೇ ಕಾರಣಕ್ಕೆ. ಹೂವು ಕಡಿಮೆಯಾಯಿತು ಎಂದು ಗೊಬ್ಬರ ಸುರಿಯುವವರಲ್ಲಿ ಎಷ್ಟೋ ಮಂದಿ ಮೊಗ್ಗನ್ನು ಒಮ್ಮೆ ಸೀಳಿ ನೋಡಿರುವುದಿಲ್ಲ.

ಮಗ ಚೆಂಡುಗಳನ್ನು ಬಾಳೆಲೆಯಲ್ಲಿ ಸುತ್ತಿ ಬೈಕಿನಲ್ಲಿ ಹೂ ವ್ಯಾಪಾರದ ಕಟ್ಟೆಗೆ ಒಯ್ಯುತ್ತಾನೆ. ಅಟ್ಟೆಯ ದರ ದಿನದಿನಕ್ಕೆ ಬೇರೆ. ಮದುವೆ, ನೇಮ, ಬ್ರಹ್ಮಕಲಶ ಒಟ್ಟಿಗೆ ಬಂದ ದಿನಗಳಲ್ಲಿ ಎರಡು ಸಾವಿರ ದಾಟಿದ್ದೂ ಇದೆ, ಯಾರೂ ಕೇಳದ ದಿನ ನೂರು ಇನ್ನೂರಕ್ಕೆ ಇಳಿದದ್ದೂ ಇದೆ.

ಗಂಜಿ ಉಂಡು ಅಕ್ಕ ಮತ್ತೆ ಹಿತ್ತಿಲಿಗೆ ಇಳಿಯುತ್ತಾರೆ, ಕೈಯಲ್ಲಿ ಸಾಣೆ ಹಿಡಿದ ಗಿಡ ಕತ್ತರಿ. ಬಾವಿ ಬದಿಯ ಸಾಲಿನ ಮುಂದೆ ಒಂದು ಕ್ಷಣ ನಿಂತು ಈಗಷ್ಟೇ ಮೂರೂ ಮೊಗ್ಗು ಕೊಟ್ಟು ಮುಗಿಸಿದ ಒಂದು ಕುಡಿಯನ್ನು ಹಿಡಿದು ತೋರಿಸುತ್ತಾರೆ. ಇದನ್ನು ಹತ್ತಿರದಿಂದ ನೋಡಿದರೆ ಮಲ್ಲಿಗೆಯ ವ್ಯವಹಾರವೆಲ್ಲ ಅರ್ಥವಾಗುತ್ತದೆ. ಮೊಗ್ಗು ಹುಟ್ಟುವುದು ಕುಡಿಯ ತುತ್ತತುದಿಯಲ್ಲಿ. ಅಲ್ಲಿ ಮೊಗ್ಗು ಕೂತಿತೆಂದರೆ ಆ ಕುಡಿಯ ಓಟ ಮುಗಿಯಿತು, ಅದು ಮುಂದಕ್ಕೆ ಬೆಳೆಯುವಂತಿಲ್ಲ. ಇನ್ನೊಂದು ಹೂವು ಬೇಕಾದರೆ ಕೆಳಗಿನ ಗೆಣ್ಣಿನಿಂದ ಹೊಸ ಕುಡಿ ಬರಬೇಕು. ಮಲ್ಲಿಗೆಯಲ್ಲಿ ಎಲೆಗಳು ಎದುರುಬದುರು, ಜೋಡಿಜೋಡಿ. ಪ್ರತಿ ಎಲೆಯ ಕಂಕುಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಒಂದು ಮೊಳಕೆ ಮಲಗಿರುತ್ತದೆ. ತುದಿಯನ್ನು ಒಂದು ಎಲೆಜೋಡಿಯ ಮೇಲೆ ಕತ್ತರಿಸಿದರೆ ಆ ಎರಡು ಮೊಳಕೆಗಳು ಏಳುತ್ತವೆ. ಒಂದು ಕುಡಿ ಇದ್ದಲ್ಲಿ ಎರಡು, ಮೂರು ಮೊಗ್ಗು ಇದ್ದಲ್ಲಿ ಆರು. ಆ ಎರಡೂ ಹೂಬಿಟ್ಟ ಮೇಲೆ ಮತ್ತೆ ಕತ್ತರಿಸಿದರೆ ನಾಲ್ಕು ಕುಡಿ, ಹನ್ನೆರಡು ಮೊಗ್ಗು. ಹೂವು ಹೆಚ್ಚಿಸುವುದೆಂದರೆ ಹೊಸ ಕುಡಿ ಹೆಚ್ಚಿಸುವುದು. ಉಳಿದ ನೀರು, ಗೊಬ್ಬರ, ಬಿಸಿಲು ಎಲ್ಲವೂ ಆ ಕುಡಿಯನ್ನು ತುದಿ ಮುಟ್ಟಿಸುವುದಕ್ಕೆ.

ಕತ್ತರಿ ಬಿದ್ದ ಕೂಡಲೇ ಮಲಗಿದ ಮೊಳಕೆ ಏಳುವುದು ಯಾಕೆ ಎಂಬುದಕ್ಕೆ ವಿಜ್ಞಾನ ಉತ್ತರ ಹುಡುಕಿದ್ದು ಬಹಳ ಹಿಂದೇನಲ್ಲ. ಬೆಳೆಯುತ್ತಿರುವ ತುದಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಕ್ಕೆ ಇಳಿಯುತ್ತ ಪಕ್ಕದ ಮೊಳಕೆಗಳನ್ನು ತಡೆದಿಡುತ್ತದೆ. 1933ರಲ್ಲಿ ಕೆನೆತ್ ಥಿಮನ್ ಮತ್ತು ಫೋಲ್ಕೆ ಸ್ಕೂಗ್ ಎಂಬ ವಿಜ್ಞಾನಿಗಳು ಅವರೆ ಜಾತಿಯ ಗಿಡದ ತುದಿ ಕತ್ತರಿಸಿ, ಕತ್ತರಿಸಿದಲ್ಲಿ ಆಕ್ಸಿನ್ ಹಚ್ಚಿ, ಮೊಳಕೆ ಏಳದಂತೆ ತಡೆದು ಇದನ್ನು ತೋರಿಸಿದರು. ಆಸ್ಟ್ರೇಲಿಯಾದ ಸಂಶೋಧಕರು 2014ರಲ್ಲಿ ಬಟಾಣಿ ಗಿಡದಲ್ಲಿ ಇನ್ನೊಂದು ಸಂಗತಿ ಕಂಡರು. ತುದಿ ಹೋದೊಡನೆ ಅದು ಎಳೆದುಕೊಳ್ಳುತ್ತಿದ್ದ ಸಕ್ಕರೆ ಪಕ್ಕದ ಮೊಳಕೆಗಳಿಗೆ ಹರಿಯುತ್ತದೆ, ಮೊದಲ ಎಚ್ಚರ ಬರುವುದು ಅದರಿಂದ. ಅಕ್ಕನಿಗೆ ಆಕ್ಸಿನ್ ಬೇಕಾಗಿಲ್ಲ. "ದೊಡ್ಡವ ಎದುರು ನಿಂತ್ರೆ ಸಣ್ಣವರು ಮಾತಾಡುದಿಲ್ಲ" ಎನ್ನುತ್ತ ಕುಡಿಯ ತುದಿಯನ್ನು ಎರಡು ಎಲೆಜೋಡಿ ಸಮೇತ ತೆಗೆದುಬಿಡುತ್ತಾರೆ. ಹೂ ಮುಗಿದ ಒಂದೊಂದು ಕುಡಿಗೂ ಹೀಗೆ. ಇದು ದಿನವಹಿಯ ಚಿಕ್ಕ ಕತ್ತರಿ.

ದೊಡ್ಡ ಕತ್ತರಿ ಕಾಂಪೌಂಡಿನ ಬದಿಯ ಸಾಲಿಗೆ ಕಾದಿದೆ. ಅಲ್ಲಿಯ ಮಣ್ಣು ಬಿಳಿಚಿಕೊಂಡು ಬಿರುಕು ಬಿಟ್ಟಿದೆ, ಎಲೆಗಳ ಅಂಚು ಕೊಂಚ ಮುದುಡಿವೆ. ಎರಡು ವಾರದಿಂದ ಆ ಸಾಲಿಗೆ ನೀರಿಲ್ಲ. ಬೇಕೆಂದೇ ಕೊಡದಿರುವುದು. ನೀರು ನಿಂತಾಗ ಗಿಡದ ಎಳೆಬೆಳವಣಿಗೆ ನಿಲ್ಲುತ್ತದೆ, ಇದ್ದ ಕಡ್ಡಿ ಬಲಿಯುತ್ತದೆ, ಆಹಾರ ಕಡ್ಡಿಯಲ್ಲಿ ಉಳಿಯುತ್ತದೆ. ಆಮೇಲೆ ಕತ್ತರಿಸಿ, ಗೊಬ್ಬರ ಹಾಕಿ, ನೀರು ಬಿಟ್ಟರೆ ಇಡೀ ಗಿಡ ಒಮ್ಮೆಲೇ ಚಿಗುರುತ್ತದೆ. ನೀರು ತಪ್ಪಿಸದೆ ಕತ್ತರಿಸಿದ ಗಿಡವೂ ಚಿಗುರುತ್ತದೆ, ಆದರೆ ಇವತ್ತೊಂದು ನಾಳೆಯೊಂದು.

ಮೊದಲ ಗಿಡದ ಬುಡಕ್ಕೆ ಅಕ್ಕ ಕುಕ್ಕರುಗಾಲಲ್ಲಿ ಕೂರುತ್ತಾರೆ. ಒಣಗಿದ ಕಡ್ಡಿ, ಪೆನ್ಸಿಲಿಗಿಂತ ತೆಳ್ಳಗಿನ ನಿಶ್ಶಕ್ತ ಕಡ್ಡಿ, ಒಂದರ ಮೇಲೊಂದು ಉಜ್ಜುವ ಕಡ್ಡಿ ಮೊದಲು ಹೋಗುತ್ತವೆ. ಗಿಡದ ಹೊಟ್ಟೆ ತೆರೆದು ಬೆಳಕು ಒಳಗೆ ಬೀಳುತ್ತದೆ. ಆಮೇಲೆ ಉಳಿದ ಗಟ್ಟಿ ಕೊಂಬೆಗಳನ್ನು ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರದಲ್ಲಿ ಒಂದೊಂದಾಗಿ ತುಂಡರಿಸುತ್ತಾರೆ. ಪ್ರತಿ ಸಲವೂ ಕತ್ತರಿಯ ಬಾಯಿ ಗೆಣ್ಣಿನಿಂದ ಕಾಲು ಇಂಚು ಮೇಲೆ, ನೀರು ನಿಲ್ಲದಂತೆ ಓರೆಯಾಗಿ. ತಮಿಳುನಾಡಿನ ಕೃಷಿ ವಿಶ್ವವಿದ್ಯಾಲಯ ಈ ಜಾತಿಯ ಮಲ್ಲಿಗೆಗೆ ಹೇಳುವ ಅಳತೆಯೂ ನೆಲದಿಂದ 50 ಸೆಂಟಿಮೀಟರ್, ಹೇಳುವ ಕಾಲ, ಬಾವಿ ಬದಿಯ ಸಾಲಿನಂತೆ, ನವೆಂಬರ್ ಕೊನೆಯ ವಾರ. ಕಡೆಗೆ, ಉಳಿದ ಕೊಂಬೆಯಲ್ಲಿರುವ ಎಲೆಗಳನ್ನು ಕೈಯಿಂದ ಕೆಳಮುಖವಾಗಿ ಸವರಿ ತೆಗೆಯುತ್ತಾರೆ. ಸರ್‍ರನೆ ಎಲೆ ಉದುರುವ ಸದ್ದು, ಹಸಿರಿನ ಒಗರು ವಾಸನೆ. ಎಲೆ ಹೋದ ಜಾಗದ ಕಂಕುಳಲ್ಲಿ ಈಗ ಮೊಳಕೆ ಕಾಣುತ್ತದೆ, ಸೂಜಿಮೊನೆಯಷ್ಟು ಹಸಿರು ಚುಕ್ಕೆ. ಕತ್ತರಿಸಿದ ಕೊಂಬೆಯ ಅಡ್ಡಗಾಯ ತೆಳುಹಸಿರಾಗಿ, ಒದ್ದೆಯಾಗಿ ಹೊಳೆಯುತ್ತದೆ. ಜೀವ ಇದೆ ಎಂಬುದಕ್ಕೆ ಅದು ಗುರುತು. ಕಂದು ಬಣ್ಣ ಕಂಡರೆ ಅಕ್ಕ ಇನ್ನೂ ಒಂದು ಗೆಣ್ಣು ಕೆಳಗಿಳಿಯುತ್ತಾರೆ, ಹಸಿರು ಕಾಣುವ ತನಕ.

ಅರ್ಧ ಗಂಟೆಯಲ್ಲಿ ಎದೆಯೆತ್ತರದ ಗಿಡ ನೆಟ್ಟ ಕಡ್ಡಿಗಳ ಗುಂಪಾಗಿದೆ. ನೋಡಿದವರ ಕರುಳು ಚುರ್ ಎನ್ನುತ್ತದೆ. ನಮ್ಮ ಊರು ಪೇಟೆಗಳ ಮನೆಯಂಗಳದಲ್ಲಿ ಮಲ್ಲಿಗೆ ಹೂಬಿಡದೆ ನಿಲ್ಲುವುದು ಗೊಬ್ಬರದ ಕೊರತೆಯಿಂದಲ್ಲ, ಈ ಕರುಳಿನಿಂದ ಎಂದು ನನಗೆ ಖಾತ್ರಿಯಾಗಿದೆ. ನೆಟ್ಟವರು ಮಗುವಿನಂತೆ ಸಾಕುತ್ತಾರೆ, ಎಲೆ ಒಂದು ಉದುರಿದರೆ ನೊಂದುಕೊಳ್ಳುತ್ತಾರೆ, ಕತ್ತರಿ ಮಾತ್ರ ಎತ್ತುವುದಿಲ್ಲ.

ಕತ್ತರಿ ಹಾಕಿದ ಮೇಲೆ ಊಟ ಬಡಿಸಬೇಕು. ಗಿಡದ ಬುಡದಿಂದ ಒಂದಡಿ ದೂರದಲ್ಲಿ ಅಕ್ಕನ ಮಗ ಪಿಕಾಸಿಯಿಂದ ಸುತ್ತಲೂ ಗುಣಿ ಬಿಡಿಸುತ್ತಾನೆ. ಮಣ್ಣು ಕೆಂಪು, ಮುರಕಲ್ಲಿನ ಚೂರು ಸೇರಿದ ಜಂಬಿಟ್ಟಿಗೆ. ಕರಾವಳಿಯ ಈ ಮಣ್ಣಿನ ಸ್ವಭಾವ ತಿಳಿಯದೆ ಇಲ್ಲಿ ಹೂವು ಬೆಳೆಯಲಾಗದು. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆ ಸುಣ್ಣದಂಶವನ್ನೂ ಪೊಟ್ಯಾಷನ್ನೂ ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಹುಳಿ ಮಣ್ಣು. ಅದರಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ, ಹಾಕಿದ ರಂಜಕವನ್ನು ಹಿಡಿದಿಟ್ಟುಕೊಂಡು ಬೇರಿಗೆ ಸಿಗದಂತೆ ಮಾಡುತ್ತವೆ. ಬೇರು ಬಲಿಯುವುದಕ್ಕೂ ಮೊಗ್ಗು ಕಟ್ಟುವುದಕ್ಕೂ ಬೇಕಾದದ್ದು ರಂಜಕ. ಹಾಗಾಗಿ ಈ ಊರಿನವರು ರಂಜಕವನ್ನು ಎಲುಬಿನ ಹುಡಿಯ ರೂಪದಲ್ಲಿ, ಹಟ್ಟಿಗೊಬ್ಬರದ ಜೊತೆ ಬೆರೆಸಿ ಕೊಡುತ್ತಾರೆ. ಹುಳಿ ಮಣ್ಣಿನಲ್ಲಿ ಎಲುಬು ಮೆಲ್ಲಗೆ ಕರಗುತ್ತದೆ, ಗೊಬ್ಬರದ ಸಾವಯವ ಅಂಶ ಅದನ್ನು ಕಬ್ಬಿಣದ ಕೈಗೆ ಸುಲಭವಾಗಿ ಸಿಗಗೊಡುವುದಿಲ್ಲ.

ಹಟ್ಟಿಗೊಬ್ಬರ ಎರಡು ಬುಟ್ಟಿ. ಅದರ ಮೇಲೆ ಸುಡುಮಣ್ಣು. ತರಗೆಲೆ, ಸೌದೆಯ ಚೂರು, ಮಣ್ಣಿನ ಹೆಂಟೆ ಒಟ್ಟಿ ನಿಧಾನವಾಗಿ ಬೇಯಿಸಿದ ಈ ಮಣ್ಣು ಕರಾವಳಿಯ ಹಳೆಯ ಗೊಬ್ಬರ. ಬೂದಿಯ ಪೊಟ್ಯಾಷ್ ಅದರಲ್ಲಿದೆ, ಹುಳಿ ತಗ್ಗಿಸುವ ಗುಣವಿದೆ, ಕಳೆಬೀಜ ಸತ್ತಿರುತ್ತದೆ. ಮುಟ್ಟಿದರೆ ಹಗುರ, ಹುಡಿಹುಡಿ, ಹೊಗೆಯ ನೆನಪು ಉಳಿಸಿಕೊಂಡ ವಾಸನೆ. ಬೇವಿನ ಹಿಂಡಿ ಎರಡು ಮುಷ್ಟಿ, ಬೇರಿನ ಹುಳಕ್ಕೆ. ಮೇಲೆ ಮಣ್ಣು ಮುಚ್ಚಿ, ಬುಡಕ್ಕೆ ತರಗೆಲೆ ಹಾಸಿ, ಎರಡು ವಾರದ ಬಳಿಕ ಮೊದಲ ಸಲ ನೀರು. ಒಣಮಣ್ಣು ಗುಟುಗುಟು ಸದ್ದು ಮಾಡುತ್ತ ಹೀರಿಕೊಳ್ಳುತ್ತದೆ.

ಬಚ್ಚಲ ಹಿಂದೆ ಒಂದು ಡ್ರಮ್ಮು ಇದೆ. ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳಬೇಕು. ನೆಲಗಡಲೆ ಹಿಂಡಿ ಮತ್ತು ಸೆಗಣಿ ಕಲಸಿ ಐದಾರು ದಿನ ಕೊಳೆಸಿದ ನೀರು. ಇವತ್ತು ಕತ್ತರಿಸಿದ ಸಾಲಿಗೆ ಇದು ಇಲ್ಲ. ಚಿಗುರು ಎರಡು ಮೂರು ಎಲೆ ಬಿಟ್ಟ ನಡುವಿನ ಸಾಲಿಗೆ, ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ, ಗಿಡಕ್ಕೆ ಒಂದು ಚೆಂಬು. ಹಿಂಡಿಯಲ್ಲಿ ಸಾರಜನಕ ಹೆಚ್ಚು, ಅದು ಚಿಗುರನ್ನು ಎಬ್ಬಿಸುತ್ತದೆ. ಮೊಗ್ಗು ಕಾಣಿಸಿಕೊಂಡ ಮೇಲೆ ಅಕ್ಕ ಡ್ರಮ್ಮಿನ ನೀರು ಕಡಿಮೆ ಮಾಡಿ ಬೂದಿ ಹೆಚ್ಚಿಸುತ್ತಾರೆ.

"ಮೊಗ್ಗು ಬರುವಾಗ ಹಿಂಡಿ ಜಾಸ್ತಿ ಕೊಟ್ರೆ ಗಿಡಕ್ಕೆ ಮರೆವು. ಮತ್ತೆ ಎಲೆ ಬಿಡ್ಲಿಕ್ಕೆ ಹೊರಡ್ತದೆ."

ರಾಸಾಯನಿಕ ಗೊಬ್ಬರದ ಶಿಫಾರಸಿನಲ್ಲಿಯೂ ಇದೇ ತೂಕ ಇದೆ. ಈ ಮಲ್ಲಿಗೆಗೆ ವರ್ಷಕ್ಕೆ ಗಿಡಕ್ಕೆ 60 ಗ್ರಾಂ ಸಾರಜನಕ, ರಂಜಕ ಮತ್ತು ಪೊಟ್ಯಾಷ್ ತಲಾ 120 ಗ್ರಾಂ, ಕತ್ತರಿಸಿದಾಗ ಅರ್ಧ, ಜೂನ್–ಜುಲೈಯಲ್ಲಿ ಅರ್ಧ. ಎಲೆಗೆ ಬೇಕಾದದ್ದರ ಎರಡರಷ್ಟು ಉಳಿದೆರಡು. ಮನೆಯಂಗಳದಲ್ಲಿ ಒಂದು ಹಿಡಿ ಯೂರಿಯಾ ಎಸೆದು ಹೂವಿಗೆ ಕಾಯುವವರು ಈ ಲೆಕ್ಕವನ್ನು ತಲೆಕೆಳಗು ಮಾಡಿರುತ್ತಾರೆ.

ಹತ್ತೂವರೆಯ ಹೊತ್ತಿಗೆ ಬೇಲಿಯಾಚೆಯಿಂದ ಒಂದು ಕೂಗು. ಎರಡು ಮನೆ ಆಚೆಯ ತರುಣಿ, ಮದುವೆಯಾಗಿ ಘಟ್ಟದ ಮೇಲಿನಿಂದ ಬಂದವಳು.

"ಅಕ್ಕಾ, ನನ್ನ ಗಿಡ ಒಂದ್ಸಲ ನೋಡ್ತೀರಾ? ಎಷ್ಟು ಚೆನ್ನಾಗಿ ಬೆಳೆದಿದೆ, ಹೂವೇ ಇಲ್ಲ."

"ಚೆನ್ನಾಗಿ ಬೆಳ್ದದ್ದೇ ತೊಂದ್ರೆ ಮಗಾ" ಎನ್ನುತ್ತ ಅಕ್ಕ ಕತ್ತರಿ ಹಿಡಿದೇ ಹೊರಡುತ್ತಾರೆ.

ಗಿಡ ನಿಜಕ್ಕೂ ಚೆಂದವಿದೆ. ಅಂಗೈಯಗಲದ ಎಲೆ, ಕಡುಹಸಿರು, ಕೊಂಬೆಗಳು ಆರಡಿ ಚಾಚಿ ಹಲಸಿನ ಮರವನ್ನು ಹಿಡಿಯಲು ಹೊರಟಿವೆ. ಅಕ್ಕ ಗಿಡ ನೋಡುವುದಿಲ್ಲ, ತಲೆಯೆತ್ತಿ ಮೇಲೆ ನೋಡುತ್ತಾರೆ. ಹಲಸಿನ ದಟ್ಟ ನೆರಳು. ಬಿಸಿಲು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಹೋಗುತ್ತದೆ ಎಂದು ಕೇಳುತ್ತಾರೆ. ಬೆಳಿಗ್ಗೆ ಒಂದು ಗಂಟೆ, ಅಷ್ಟೆ. ಮಲ್ಲಿಗೆಗೆ ಆರು ಗಂಟೆಯ ನೇರ ಬಿಸಿಲಾದರೂ ಬೇಕು. ಹೂವು ದುಬಾರಿ ಸಾಮಾನು, ಎಲೆ ದುಡಿದು ಉಳಿಸಿದ ಸಕ್ಕರೆಯಲ್ಲಿ ಅದು ತಯಾರಾಗಬೇಕು. ನೆರಳಿನ ಎಲೆ ತನ್ನ ಹೊಟ್ಟೆಗಾಗುವಷ್ಟೇ ದುಡಿಯುತ್ತದೆ, ಹೆಚ್ಚು ಬೆಳಕು ಹಿಡಿಯಲು ಅಗಲವಾಗುತ್ತದೆ, ಕೊಂಬೆ ಉದ್ದವಾಗುತ್ತದೆ. ಆ ಅಂಗೈಯಗಲದ ಎಲೆ ಆರೋಗ್ಯದ ಗುರುತಲ್ಲ, ಬೆಳಕಿನ ಹಸಿವಿನ ಗುರುತು.

ಆಮೇಲೆ ಬುಡ. ಬಟ್ಟೆ ಒಗೆಯುವ ಕಲ್ಲಿನ ನೀರು ದಿನವೂ ಅಲ್ಲಿಗೇ ಬರುತ್ತದೆ. ಅಕ್ಕ ಬೆರಳಿನಿಂದ ಮಣ್ಣು ಬಗೆದು ಮೂಸುತ್ತಾರೆ. ಕೆಸರು ಹುಳಿವಾಸನೆ ಹೊಡೆಯುತ್ತಿದೆ. ಬೇರಿಗೆ ಗಾಳಿ ಸಿಗದಿದ್ದರೆ ಮೊದಲು ಮೊಗ್ಗು ನಿಲ್ಲುತ್ತದೆ, ಆಮೇಲೆ ಗಿಡವೇ ಬುಡದಿಂದ ಕೊಳೆಯುತ್ತದೆ.

"ಎಂತ ಹಾಕಿದ್ದಿ ಇದಕ್ಕೆ?"

"ಅಂಗಡಿಯವ್ರು ಹೂ ಬರತ್ತೆ ಅಂತ ಒಂದು ಬಾಟ್ಲಿ ಕೊಟ್ರು ಅಕ್ಕ. ಸ್ವಲ್ಪ ಯೂರಿಯಾನೂ ಹಾಕಿದೆ."

ಅಕ್ಕ ಬೈಯುವುದಿಲ್ಲ. ಬಾಟಲಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ ಜಗಲಿಯ ಮೇಲಿಡುತ್ತಾರೆ. "ಇದೇನೂ ಹಾಳಲ್ಲ. ಆದ್ರೆ ಬಿಸಿಲು ಬಾಟ್ಲಿಯಲ್ಲಿ ಬರುದಿಲ್ಲ ಅಲ್ವಾ?" ಹಲಸಿನ ಮರ ಕಡಿಯುವಂತಿಲ್ಲ, ಈ ಮನೆಯ ಅತ್ತೆಯವರ ಕಾಲದ್ದು. ಗಿಡ ಕೀಳಲು ಬೇರು ದೊಡ್ಡದಾಗಿದೆ. ಹಾಗಾದರೆ? ಅಕ್ಕ ಅಂಗಳದ ದಕ್ಷಿಣದ ಮೂಲೆಗೆ ನಡೆಯುತ್ತಾರೆ. ಅಲ್ಲಿ ಕಲ್ಲು ಕಾದು ಕಾಲು ಸುಡುತ್ತಿದೆ, ಒಣಗಲು ಹಾಕಿದ ಕೆಂಪುಮೆಣಸು ಇದೆ. "ಇಲ್ಲಿ. ಎರಡಡಿ ಗುಂಡಿ ತೆಗಿಸು." ಹಳೆಯ ಗಿಡದ ಬಲಿತ ಕೊಂಬೆಯಿಂದ ಗೇಣುದ್ದದ ಹತ್ತು ಕಡ್ಡಿ ಕತ್ತರಿಸಿ, ಕೆಳಗಿನ ಗೆಣ್ಣಿನ ಎಲೆ ತೆಗೆದು, ಮರಳು ಮತ್ತು ಸುಡುಮಣ್ಣು ಬೆರೆಸಿದ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಊರುತ್ತಾರೆ. ಹಳೆಯ ಗಿಡವನ್ನೂ ಬಿಡುವುದಿಲ್ಲ. ಆರಡಿಯ ಕೊಂಬೆಗಳು ಕೆಳಗೆ ಬೀಳುವಾಗ ಹುಡುಗಿ ಒಮ್ಮೆ ಕಣ್ಣು ಮುಚ್ಚುತ್ತಾಳೆ. ಒಗೆಯುವ ಕಲ್ಲಿನ ನೀರಿಗೆ ಸಣ್ಣ ಕಣಿ ತೆಗೆದು ತೆಂಗಿನ ಬುಡಕ್ಕೆ ತಿರುಗಿಸಿದ್ದಾಯಿತು.

ಮೆಟ್ಟಿಲ ಬದಿಯಲ್ಲಿ ಹುಡುಗಿ ಚೆಂಡುಹೂವಿನ ಸಸಿ ನೆಟ್ಟಿದ್ದಾಳೆ, ತಿಂಗಳು ದಾಟಿದೆ, ಒಂದೊಂದರ ನೆತ್ತಿಯಲ್ಲಿ ಒಂದೊಂದು ಮೊಗ್ಗು. ಅಕ್ಕ ಹೋಗಹೋಗುತ್ತ ಆ ನೆತ್ತಿಗಳನ್ನೆಲ್ಲ ಉಗುರಿನಿಂದ ಚಿವುಟಿಬಿಡುತ್ತಾರೆ. ಮೊದಲ ಹೂವು ಹದಿನೈದು ದಿನ ತಡ, ಆದರೆ ಒಂದರ ಬದಲು ಪಕ್ಕದ ಕೊಂಬೆಗಳಲ್ಲೆಲ್ಲ ಹೂವು. ಚೆಂಡುಹೂವಿನಲ್ಲಿ ಬಾಡಿದ್ದನ್ನು ಗಿಡದಲ್ಲಿ ಬಿಡಲೇಬಾರದು. ಅದು ಬೀಜ ಕಟ್ಟಲು ಹೊರಡುತ್ತದೆ, ಬೀಜ ಕಟ್ಟಿದ ಗಿಡಕ್ಕೆ ಇನ್ನೊಂದು ಹೂವಿನ ತುರ್ತು ಇರುವುದಿಲ್ಲ. ಗುಲಾಬಿಯದೂ ಕುಡಿಯ ಕತೆಯೇ. ಬೆಂಗಳೂರಿನ ಕಡೆ ಮಳೆ ನಿಂತ ಮೇಲೆ ಕತ್ತರಿಸಿದರೆ ಆರೇಳು ವಾರಕ್ಕೆ ಹೂವು ತುಂಬುತ್ತದೆ. ಬೋಗನ್‌ವಿಲ್ಲಾಕ್ಕೆ ನೀರು ಕಡಿಮೆ ಮಾಡಿದಷ್ಟೂ ಬಣ್ಣ. ದಾಸವಾಳಕ್ಕೆ ಪೊಟ್ಯಾಷ್ ಇಷ್ಟ, ರಂಜಕ ಹೆಚ್ಚಾದರೆ ಮುನಿಸು. ಮಲ್ಲಿಗೆಗೆ ಒಪ್ಪುವ ಗೊಬ್ಬರವನ್ನು ಕಣ್ಣುಮುಚ್ಚಿ ಅದಕ್ಕೂ ಹಾಕಬಾರದು.

ಕತ್ತರಿ, ಬಿಸಿಲು, ಗೊಬ್ಬರ ಯಾವುದಕ್ಕೂ ಜಗ್ಗದ ಹೂವು ಒಂದಿದೆ, ಸೇವಂತಿಗೆ. ಅದು ಎಣಿಸುವುದು ರಾತ್ರಿಯನ್ನು. ಗಿಡಗಳು ಹಗಲು ರಾತ್ರಿಯ ಉದ್ದ ನೋಡಿ ಹೂಬಿಡುತ್ತವೆ ಎಂದು ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಸೇವಂತಿಗೆ ಮೊಗ್ಗು ಕಟ್ಟಲು ಉದ್ದ ರಾತ್ರಿ ಬೇಕು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವವರು ಹೊಲದ ತುಂಬ ಸಾಲು ಬಲ್ಬು ಉರಿಯುವುದನ್ನು ನೋಡಿರಬಹುದು. ರಾತ್ರಿಯನ್ನು ಬೆಳಕಿನಿಂದ ಮುರಿದು, ಗಿಡ ಸಾಕಷ್ಟು ಕವಲೊಡೆಯುವವರೆಗೆ ಮೊಗ್ಗನ್ನು ತಡೆದು, ಬೇಕಾದ ದಿನ ದೀಪ ಆರಿಸುತ್ತಾರೆ. ಅಂಗಳದ ಸೇವಂತಿಗೆ ಹೂಬಿಡದಿದ್ದರೆ ಬೀದಿದೀಪ ಅದರ ಮೇಲೆ ಬೀಳುತ್ತಿದೆಯೇ ನೋಡಬೇಕು. ಕುಂಡವನ್ನು ಕತ್ತಲಿಗೆ ಸರಿಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂದಿದೆ. ಅಕ್ಕ ಮನೆಗೆ ಮರಳುವ ದಾರಿಯಲ್ಲಿ ನಡುವಿನ ಸಾಲಿನ ಪಕ್ಕ ಮತ್ತೆ ನಿಲ್ಲುತ್ತಾರೆ. ಕತ್ತರಿಸಿ ತಿಂಗಳಾದ ಗಿಡ ಇದು. ಒಂದೊಂದು ಕಡ್ಡಿಯಿಂದ ನಾಲ್ಕು, ಆರು ಕುಡಿ. ಎಳೆಯ ಎಲೆಗಳನ್ನು ಬೆರಳಿನಿಂದ ಸರಿಸಿ ಒಂದು ತುದಿ ತೋರಿಸುತ್ತಾರೆ. ಸಾಸಿವೆಗಿಂತ ಚಿಕ್ಕದಾಗಿ, ಎಲೆಯದೇ ಬಣ್ಣದಲ್ಲಿ, ಮೂರು ಗುಬುಟು. ಗೊತ್ತಿಲ್ಲದವರು ಚಿಗುರು ಎಂದುಕೊಂಡು ದಾಟಿ ಹೋಗುತ್ತಾರೆ. ಮಾರ್ಚ್ ಕೊನೆಗೆ ಈ ಸಾಲು ಕೊಯ್ಲಿಗೆ ಬರುತ್ತದೆ, ಏಪ್ರಿಲ್ ಮೇ ತಿಂಗಳ ಮದುವೆಗಳಿಗೆ ಸರಿಯಾಗಿ. ಇವತ್ತು ಕತ್ತರಿಸಿದ ಸಾಲು ಮೇ ತಿಂಗಳಿಗೆ.

ನಿಮ್ಮ ಮನೆಯಲ್ಲೂ ಎಲೆ ಮಾತ್ರ ಬಿಡುವ ಮಲ್ಲಿಗೆ ಇದ್ದರೆ ಹೊಸ ಬಾಟಲಿ ತರುವ ಮೊದಲು ಒಂದು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಗಿಡದ ಮೇಲೆ ಬಿಸಿಲು ಎಷ್ಟು ಹೊತ್ತು ಇರುತ್ತದೆ ಎಂದು ನೋಡಿ. ಆರು ಗಂಟೆ ಇದೆ ಎಂದಾದರೆ ಎರಡು ವಾರ ನೀರು ಹಿಡಿದಿಟ್ಟು, ಒಂದೂವರೆ ಅಡಿಗೆ ಕತ್ತರಿ ಹಾಕಿ, ಎಲೆ ಸವರಿ, ಗೊಬ್ಬರ ಕೊಟ್ಟು ನೀರು ಬಿಡಿ. ಕುಂಡದ ಗಿಡವಾದರೆ ನೀರು ಹಿಡಿಯುವುದು ನಾಲ್ಕೈದು ದಿನ ಸಾಕು, ಕುಂಡ ಬೇಗ ಒಣಗುತ್ತದೆ. ನವೆಂಬರ್ ಒಳ್ಳೆಯ ಕಾಲ, ಆದರೆ ಅದಕ್ಕೇ ಕಾಯಬೇಕಾಗಿಲ್ಲ, ಮಾರ್ಚಿನವರೆಗೂ ಕತ್ತರಿಸಬಹುದು. ಜಡಿಮಳೆಯಲ್ಲಿ ಮಾತ್ರ ಈ ದೊಡ್ಡ ಕತ್ತರಿ ಬೇಡ. ಗಾಯ ಒಣಗದೆ ಕಡ್ಡಿ ಕೊಳೆಯುತ್ತದೆ.